ರೈಟರ್ ಮಾವನ ಮಳೆ ಫ್ಲಾಪಿ

ರೈಟರ್ ಮಾವ ಯಾವುದನ್ನು ನೋಡಬೇಕಾದರೂ ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. ಎಸ್ಟೇಟಿನಲ್ಲಿದ್ದಷ್ಟು ವರ್ಷವೂ ಬೆಳಿಗ್ಗೆ ಎಂಟಕ್ಕೆ ಮಳೆ ಅಳೆಯುವ ಗಾಜಿನ ಕೊಳವೆಯನ್ನು ಮುಖದ ನೇರಕ್ಕೆ ಎತ್ತಿ ಹಿಡಿದು, ಒಂದೇ ಕಣ್ಣಿನಲ್ಲಿ ನೀರಿನ ಗೆರೆ ಓದಿ ಓದಿ ಅಂಟಿಕೊಂಡ ಅಭ್ಯಾಸ ಅದು. ಬಸ್ಸಿನ ಬೋರ್ಡನ್ನೂ ಹಾಗೆಯೇ ನೋಡುವರು, ಎಲೆಗೆ ಬಡಿಸಿದ ಪಲ್ಯವನ್ನೂ ಹಾಗೆಯೇ. ಹೊಸ ಹೆಂಗಸರು ಈ ಮುದುಕ ಕಣ್ಣು ಹೊಡೆಯುತ್ತಿದ್ದಾನೆ ಎಂದು ಗಾಬರಿ ಬೀಳುತ್ತಿದ್ದರು. ಮೊದಲ ದಿನ ನಾನೂ ಹಾಗೇ ತಿಳಿದು ಮುಖ ಸಿಂಡರಿಸಿಕೊಂಡಿದ್ದೆ.

ಎಸ್ಟೇಟಿನಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ, ದಿನದ ಕೆಲಸ, ಮಳೆ ಇವನ್ನೆಲ್ಲ ಬರೆದಿಡುವವರು. ಸುಂಟಿಕೊಪ್ಪದ ಕಡೆಯ ಆ ಎಸ್ಟೇಟಿನ ಆಫೀಸಿಗೆ ನಾನು ಕಂಪ್ಯೂಟರ್ ಆಪರೇಟರ್ ಆಗಿ ಸೇರುವ ಹೊತ್ತಿಗೆ ಅವರು ನಿವೃತ್ತರಾಗಿ, ಗೇಟಿನಾಚೆ ರಸ್ತೆ ಬದಿಯ ಚಿಕ್ಕ ಮನೆಯಲ್ಲಿ ಒಬ್ಬರೇ ಇದ್ದರು. ಅವರ ಹಿರಿಯರು ಹಾಸನದ ಕಡೆಯಿಂದ ಕುಶಾಲನಗರಕ್ಕೆ ಬಂದವರು, ನಮ್ಮವರೂ ಹಾಗೆಯೇ. ಅಷ್ಟು ಸಾಕಾಯಿತು, ಮಾವ ಎಂದು ಕರೆಯತೊಡಗಿದೆ. ಅವರು ನನ್ನನ್ನು ‘ಆಫೀಸ್ನೋಳೇ’ ಎನ್ನುತ್ತಿದ್ದರು. ಅದರಲ್ಲಿ ಪ್ರೀತಿ ಎಷ್ಟು, ಕುಟುಕು ಎಷ್ಟು ಎಂದು ನನಗೆ ಕೊನೆಗೂ ತಿಳಿಯಲಿಲ್ಲ.

ಕೊಡಗಿನಲ್ಲಿ ಫೋನ್ ಎತ್ತಿದರೆ ಕ್ಷೇಮ ಕೇಳುವ ಮೊದಲೇ ‘ಎಷ್ಟು ಬಿತ್ತು?’ ಎಂದು ಕೇಳುತ್ತಾರೆ. ಇಂಚಿನಲ್ಲಿ, ಇಂಚಿನ ನೂರನೇ ಪಾಲಾದ ಸೆಂಟಿನಲ್ಲಿ ಹೇಳಬೇಕು. ಮಾವನನ್ನು ಕೇಳಿದರೆ ನಿನ್ನೆಯದಷ್ಟೇ ಅಲ್ಲ, ಅದೇ ದಿನ ಹತ್ತು ವರ್ಷದ ಹಿಂದೆ ಎಷ್ಟು ಬಿದ್ದಿತ್ತು ಎಂಬುದೂ ಬರುತ್ತಿತ್ತು. ಅದೆಲ್ಲ ಒಂದು ಹಳೆಯ ಕಂಪ್ಯೂಟರಿನಲ್ಲಿತ್ತು. ಕೀಬೋರ್ಡಿನ ಹೊಟ್ಟೆಯೊಳಗೇ ಇಡೀ ಯಂತ್ರ ಅಡಗಿರುವ, ಟಿವಿಗೆ ತಂತಿ ಚುಚ್ಚಿ ನೋಡುವ ಜಾತಿಯದು. ಹಿಂದಿನ ದೊರೆಯ, ಅಂದರೆ ಎಸ್ಟೇಟಿನ ಮಾಲೀಕರ, ತಮ್ಮ ಇಂಗ್ಲೆಂಡಿನಿಂದ ತಂದು, ಮಳೆ ಲೆಕ್ಕಕ್ಕೆಂದು ತಾನೇ ಒಂದು ಪ್ರೋಗ್ರಾಮ್ ಬರೆದು ಆಫೀಸಿನಲ್ಲಿ ಇಟ್ಟುಹೋಗಿದ್ದನಂತೆ. ಮಳೆಯ ಲೆಕ್ಕ ತುಂಬಿಟ್ಟ ಫ್ಲಾಪಿ, ಅಂದರೆ ಅಂಗೈಯಗಲದ ಚಪ್ಪಟೆ ಡಿಸ್ಕು, ಹಾಕಿ ಸ್ವಿಚ್ ಒತ್ತಿದರೆ ನೇರವಾಗಿ ಮಳೆಯ ಪಟ್ಟಿಯೇ ಪರದೆಗೆ ಬರುತ್ತಿತ್ತು. ದೊರೆ ಎಸ್ಟೇಟನ್ನು ಕಂಪನಿಗೆ ಮಾರಿದಾಗ ಯಂತ್ರವನ್ನು ಮಾವನಿಗೆ ಕೊಟ್ಟರು. ಕಂಪನಿಯವರು ಬಂದ ವಾರದಲ್ಲೇ ಹಳೆಯ ರಿಜಿಸ್ಟರುಗಳನ್ನೆಲ್ಲ ಲಾರಿಗೆ ತುಂಬಿ ಗುಜರಿಗೆ ಕಳಿಸಿದರು. ಆಮೇಲಿನ ಮಳೆಯನ್ನು ಮಾವ ಮನೆಯಂಗಳದಲ್ಲಿ ಸ್ವಂತ ಮಾಪಕ ನೆಟ್ಟು ಅಳೆದು ಅದೇ ಫ್ಲಾಪಿಗೆ ಸೇರಿಸುತ್ತಾ ಬಂದರು.

ಆ ಯಂತ್ರಕ್ಕೂ ವೈರಸ್ ಬರುತ್ತದೆಂದು ನಾನು ನಂಬಿರಲಿಲ್ಲ. ಬಹಳ ಹಿಂದೆ ದೊರೆಯ ಮಕ್ಕಳ ಆಟದ ಫ್ಲಾಪಿಯೊಂದರಿಂದ ಬಂದಿತ್ತಂತೆ. ಆ ವೈರಸ್ಸು, ಯಂತ್ರ ಶುರುವಾಗುವಾಗ ಎಲ್ಲಕ್ಕಿಂತ ಮುಂಚೆ ಓದುವ ಫ್ಲಾಪಿಯ ಮೊದಲ ತುಣುಕಿನಲ್ಲಿ ಕೂತು, ಅಲ್ಲಿಂದ ಮೆಮೊರಿಗೆ ಹತ್ತಿ, ಆಮೇಲೆ ಹಾಕಿದ ಪ್ರತಿ ಫ್ಲಾಪಿಗೂ ಇಳಿಯುತ್ತಿತ್ತು. ಮಳೆಯ ಫ್ಲಾಪಿಯೂ ಹೋಯಿತು. ಆಗ ರಿಜಿಸ್ಟರುಗಳು ಇದ್ದವು, ಒಂದು ಮಳೆಗಾಲ ಪೂರ್ತಿ ಕೂತು ಮಾವ ಎಲ್ಲವನ್ನೂ ಮತ್ತೆ ಟೈಪ್ ಮಾಡಿದರು. ದೊರೆಯ ತಮ್ಮ ಹೊಸ ಮಳೆ ಪ್ರೋಗ್ರಾಮಿನ ಜೊತೆಗೆ ಬೇರೆ ಯಾರೋ ಬರೆದ ಪುಟ್ಟದೊಂದು ಆಂಟಿವೈರಸ್ಸನ್ನೂ ಇನ್ನೊಂದು ಫ್ಲಾಪಿಯಲ್ಲಿ ಕಳಿಸಿಕೊಟ್ಟಿದ್ದ. ಅಂದಿನಿಂದ ಮಾವನ ಮಡಿ ಶುರುವಾಯಿತು, ಯಂತ್ರ ಮನೆಗೆ ಬಂದ ಮೇಲೂ ಬಿಡಲಿಲ್ಲ.

ಹೊಸ ಫ್ಲಾಪಿ ಎಲ್ಲೂ ಸಿಗದ ಕಾಲ. ಮೈಸೂರಿನ ಗುಜರಿ ಅಂಗಡಿಗಳಿಂದ ಯಾರಾದರೂ ಹಳೆಯವನ್ನು ತಂದುಕೊಟ್ಟರೆ ಮಾವ ಅವನ್ನು ಬಾಗಿಲ ಪಕ್ಕದ ಡಬ್ಬದಲ್ಲೇ ಇಡುವರು, ಒಳಗೆ ಬಿಡುತ್ತಿರಲಿಲ್ಲ. ಮೊದಲು ಆಂಟಿವೈರಸ್ ಫ್ಲಾಪಿಯಿಂದ ಯಂತ್ರ ಶುರುವಾಗಬೇಕು. ಪರದೆಯ ಮೇಲೆ ಚಿಕ್ಕದೊಂದು ಬೂದು ಬಣ್ಣದ ಚೌಕ ಬರುತ್ತಿತ್ತು. ಡಬ್ಬದ ಫ್ಲಾಪಿ ಹಾಕಿದರೆ ಅದು ಮೊದಲ ತುಣುಕನ್ನು ಓದಿ, ಸರಿಯಿದೆ ಎಂದೋ, ಇಂಥ ವೈರಸ್ ಎಂದೋ, ಇಲ್ಲವೇ ಗುರುತು ಸಿಗಲಿಲ್ಲ ಎಂದೋ ತಿಳಿಸುವುದು. ಬೇಡದ್ದನ್ನು ಅಳಿಸಿ ಶುದ್ಧವಾದ ತುಣುಕು ಬರೆಯಲು ಒಂದು ಗುಂಡಿ. ಮುಗಿದ ಮೇಲೆ ಯಂತ್ರವನ್ನು ಪೂರಾ ಆರಿಸಿ ಮೂವತ್ತರವರೆಗೆ ಎಣಿಸಬೇಕು, ಮೆಮೊರಿಯಲ್ಲಿ ಏನಾದರೂ ಕೂತಿದ್ದರೆ ಸಾಯಲಿ ಎಂದು. ರಜೆಯ ದಿನ ನೆರವಿಗೆ ಹೋಗುತ್ತಿದ್ದ ನಾನು ಇಪ್ಪತ್ತಕ್ಕೇ ಸ್ವಿಚ್ಚಿಗೆ ಕೈ ಹಾಕಿದರೆ ಫಟ್ಟನೆ ಕೈ ಮೇಲೆ ಹೊಡೆಯುವರು.

ವೈರಸ್ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಅವರಿಗೆ ಅದು ಬೋರರ್. ಕಾಫಿ ಬೆಳೆಯುವವರಿಗೆಲ್ಲ ಗೊತ್ತು, ಅರೇಬಿಕಾ ಗಿಡದ ಕಾಂಡ ಕೊರೆದು ಒಳಗೇ ಕೂರುವ ಹುಳ ಅದು. ಆಳುಗಳು ಸಾಲು ಹಿಡಿದು ಗಿಡಗಿಡವನ್ನೂ ನೋಡಿ, ಕಾಂಡದ ಮೇಲೆ ಗೆರೆ ಎದ್ದದ್ದನ್ನು ಬುಡಸಮೇತ ಕಿತ್ತು ಸುಡುತ್ತಾರೆ.

“ಬೋರರ್ ನೋಡ್ದ್ಯಾ?” ಎಂದು ಪ್ರತಿ ಫ್ಲಾಪಿಗೂ ಕೇಳುವರು.

“ಗುರುತು ಸಿಗ್ತಿಲ್ಲ ಅಂತಿದೆ ಮಾವ. ಬೋರರ್ ಅಲ್ದೆಯೂ ಇರಬೋದು.”

“ಇರಬೋದು ಗಿರಬೋದು ಅಂತ ತ್ವಾಟ ಕಾಯಕ್ಕಾಯ್ತದಾ? ಅನುಮಾನ ಬಂತಾ, ಕಿತ್ತಾಕು. ಒಂದು ಗಿಡದ ಮುಖ ನೋಡಿ ನಾನು ಒಂದು ಬ್ಲಾಕೇ ಕಳ್ಕಂಡಿವ್ನಿ.”

ನಾನು ಗುಂಡಿ ಒತ್ತುತ್ತಿದ್ದೆ. ಎಷ್ಟೋ ಆಟಗಳು ಹಾಗೆ ಸತ್ತವು. ಅವಕ್ಕೆ ಶುರುವಾಗಲು ತಮ್ಮದೇ ಆದ ಮೊದಲ ತುಣುಕು ಬೇಕು, ಅದನ್ನು ಅಳಿಸಿದರೆ ಆಟ ಏಳುವುದಿಲ್ಲ ಎಂಬುದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಹಳೆಯ ಫ್ಲಾಪಿ, ಕೆಟ್ಟಿರಬೇಕು ಎಂದುಕೊಳ್ಳುತ್ತಿದ್ದೆವು. ನಮಗೆ ಬೇಕಿದ್ದುದು ಖಾಲಿ ಫ್ಲಾಪಿ ಮಾತ್ರ.

ಒಂದು ವರ್ಷ ಆಗಸ್ಟಿನಲ್ಲಿ ಎಸ್ಟೇಟಿನ ಮೇಲಿನ ಗುಡ್ಡ ಜರಿಯಿತು. ಹಿಂದಿನ ಬೇಸಿಗೆಯಲ್ಲಿ ಕಂಪನಿಯವರು ಅಲ್ಲಿ ರೆಸಾರ್ಟಿಗೆಂದು ಜೆಸಿಬಿ ಇಳಿಸಿ ಗುಡ್ಡದ ಹೊಟ್ಟೆ ಕೊರೆದು ರಸ್ತೆ ಮಾಡಿದ್ದರು. ಕೆಳಗಿದ್ದ ಒಂದು ಸಾಲು ಲೈನ್‌ಮನೆಗಳು, ಅಂದರೆ ಆಳುಗಳ ಮನೆಗಳು, ಮಣ್ಣಿನಡಿ ಹೋದವು. ಸದ್ದು ಕೇಳಿ ಹೊರಗೋಡಿದ ಜನ ಬದುಕಿಕೊಂಡರು, ಉಟ್ಟ ಬಟ್ಟೆ ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಇಂಥ ಮಳೆ ಈ ಗುಡ್ಡ ಕಂಡೇ ಇಲ್ಲ, ಇದು ಪ್ರಕೃತಿಯ ಕೋಪ, ನಾವೇನು ಮಾಡಲಿಕ್ಕಾಗುತ್ತದೆ ಎಂದರು ಕಂಪನಿಯವರು. ಗುಡ್ಡ ಕೊರೆದದ್ದರಿಂದ ಜರಿಯಿತೆಂದು ತೀರ್ಮಾನವಾದರೆ ಅವರೇ ಮನೆ ಕಟ್ಟಿಸಿಕೊಡಬೇಕಿತ್ತು. ಸರ್ಕಾರಿ ಅಧಿಕಾರಿಯ ಮುಂದೆ ವಿಚಾರಣೆಗೆ ಒಂದು ದಿನ ಗೊತ್ತಾಯಿತು.

ಲೈನಿನ ಹಿರಿಯ ಹೆಂಗಸೊಬ್ಬಳು ಮಾವನ ಮನೆಗೆ ಬಂದಳು. ತಮಿಳು ಮನೆಮಾತಿನವಳು, ನೋಡಿದೆ ಎನ್ನಲು ‘ಪಾತ್ತೆ’ ಎನ್ನುವವಳು, ಮಾವ ಹಾಜರಿ ಕೂಗುತ್ತಿದ್ದ ಕಾಲದಿಂದಲೂ ಕೆಲಸಕ್ಕಿದ್ದವಳು.

“ರೈಟ್ರೇ, ಇದಕ್ಕಿಂತ ಜಾಸ್ತಿ ಮಳೆ ನಾವೆಲ್ಲ ಪಾತ್ತಿದೀವಿ ಅಲ್ವಾ? ಆವಾಗ ಗುಡ್ಡ ಬಂತಾ?”

“ಬರ್ನಿಲ್ಲ,” ಎಂದರು ಮಾವ. “ಇದಕ್ಕಿಂತ ಜಾಸ್ತಿ ಬಿದ್ದ ವರ್ಷ ಒಂದಲ್ಲ, ಬ್ಯಾರೆಬ್ಯಾರೆ ಅವೆ. ದಿನದ ಲೆಕ್ಕ ನನ್ನತ್ರ ಅದೆ. ಬಂದು ಹೇಳ್ತೀನಿ, ಹೋಗು.”

ಅಷ್ಟರಲ್ಲಿ ಮೈಸೂರಿನಲ್ಲಿ ಅವರ ಕಣ್ಣಿನ ಆಪರೇಷನ್ ದಿನ ಬಂದುಬಿಟ್ಟಿತು. ಪ್ರಿಂಟರು ಎಂದೋ ಕೆಟ್ಟಿತ್ತು. ಪಟ್ಟಿಯನ್ನು ಪರದೆಯ ಮೇಲೆ ತೆರೆದು, ಮೊಬೈಲಿನಲ್ಲಿ ಒಂದೊಂದೇ ಪುಟದ ಫೋಟೋ ತೆಗೆದಿಡು ಎಂದು ನನಗೆ ಬೀಗದ ಕೈ ಕೊಟ್ಟರು. ಬಸ್ಸು ಹತ್ತುವಾಗಲೂ ಹೇಳಿದರು: “ನೋಡ್ದೆ ಯಾವ ಫ್ಲಾಪಿನೂ ಹಾಕ್ಬ್ಯಾಡ, ಆಫೀಸ್ನೋಳೇ.”

ಭಾನುವಾರ ಮಧ್ಯಾಹ್ನ ನಾನು ಅವರ ಮನೆ ತೆರೆದೆ. ಮಳೆಯ ಫ್ಲಾಪಿ ಎರಡಿದ್ದವು, ಒಂದು ಅಸಲು, ಇನ್ನೊಂದು ಅದರ ನಕಲು. ಹೇಳಿದ ಮಾತು ಮೀರುವವಳಲ್ಲ ನಾನು. ಆಂಟಿವೈರಸ್ಸಿನಿಂದ ಯಂತ್ರ ಶುರುಮಾಡಿ ಅಸಲನ್ನು ಹಾಕಿದೆ. ಗುರುತು ಸಿಗಲಿಲ್ಲ ಎಂದಿತು. ಮಳೆಯ ಫ್ಲಾಪಿಗೇ ಬೋರರ್ ಬಿದ್ದಿದೆ ಎಂದುಕೊಂಡೆ. ಗುಂಡಿ ಒತ್ತಿದೆ. ಫ್ಲಾಪಿಗೆ ಬೀಗವಿದೆ, ಬರೆಯಲಾಗದು ಎಂದಿತು. ಫ್ಲಾಪಿಯ ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ತಡೆ ಇರುತ್ತದೆ. ಮಾವ ಅದನ್ನು ಭದ್ರವಾಗಿ ಸರಿಸಿಟ್ಟಿದ್ದರು. ನಾನು ಉಗುರಿನಿಂದ ಮೀಟಿ ತೆಗೆದು ಮತ್ತೆ ಒತ್ತಿದೆ. ನಕಲನ್ನು ಹಾಕಿದೆ, ಅದಕ್ಕೂ ಅದೇ ಮಾತು ಬಂತು. ಅದರ ತಡೆಯನ್ನೂ ತೆಗೆದು ಒತ್ತಿದೆ. ಆಮೇಲೆ ಯಂತ್ರ ಆರಿಸಿ, ಮೂವತ್ತರವರೆಗೆ ಒಂದೂ ಬಿಡದೆ ಎಣಿಸಿ, ಮಳೆಯ ಫ್ಲಾಪಿ ಹಾಕಿ ಸ್ವಿಚ್ ಒತ್ತಿದೆ.

ಮಳೆಯ ಪಟ್ಟಿ ಬರಲಿಲ್ಲ. ಖಾಲಿ ನೀಲಿ ಪರದೆ ಬಂದು ನಿಂತಿತು.

ಮಾವ ಮಳೆಯ ಫ್ಲಾಪಿಯನ್ನು ಒಂದು ದಿನವೂ ಆಂಟಿವೈರಸ್ಸಿಗೆ ತೋರಿಸಿರಲಿಲ್ಲ. ಅದು ಮನೆಯದು, ಹೊರಗಿನಿಂದ ಬಂದದ್ದಲ್ಲ. ದೊರೆಯ ತಮ್ಮ ಆ ಆಟಗಳ ಹಾಗೆಯೇ ತನ್ನದೇ ಮೊದಲ ತುಣುಕು ಬರೆದು ಅದರ ಮೇಲೆ ಎಲ್ಲವನ್ನೂ ನಿಲ್ಲಿಸಿದ್ದ. ಮೈಸೂರಿನಲ್ಲಿ ಹಳೆಯ ಯಂತ್ರ ರಿಪೇರಿ ಮಾಡುವವನೊಬ್ಬ ನೋಡಿ ಹೇಳಿದ: ಮಳೆ ಒಳಗೇ ಇದೆ ಮೇಡಂ, ಆದರೆ ಎಲ್ಲಿದೆ, ಹೇಗೆ ಬರೆದಿದ್ದಾರೆ ಎಂದು ತಿಳಿದಿದ್ದದ್ದು ಆ ತುಣುಕಿಗೆ ಮಾತ್ರ. ಅದನ್ನು ಬರೆದವನು ಪರದೇಶದಲ್ಲಿ ತೀರಿಕೊಂಡು ಬಹಳ ಕಾಲವಾಗಿತ್ತು.

ಆಪರೇಷನ್ ಮುಗಿಸಿ ಮನೆಗೆ ಬಂದ ಮಾವ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ನಾನು ಅಳುತ್ತಾ ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ.

“ಬೀಗ ಯಾಕೆ ತೆಗ್ದೆ?” ಎಂದು ಒಮ್ಮೆ ಕೇಳಿದರು. ಆಮೇಲೆ, “ನಾನು ಹೇಳ್ಕೊಟ್ಟಂಗೇ ಮಾಡಿದ್ದೀಯ, ಬುಡು,” ಎಂದರು. ನಾನು ವಿಚಾರಣೆಗೆ ಬಂದು ನನ್ನ ತಪ್ಪೆಂದು ಒಪ್ಪಿಕೊಳ್ಳುತ್ತೇನೆ ಎಂದಾಗ ಮಾತ್ರ ದನಿ ಎತ್ತಿದರು.

“ನಿಂಗೇನು ತಲೆ ಕೆಟ್ಟದಾ? ನೀನು ಕಂಪ್ನಿ ಆಫೀಸ್ನೋಳು. ಕೈತಪ್ಪಿ ಆಯ್ತು ಅಂದ್ರೆ ಯಾರು ನಂಬ್ತಾರೆ? ಲೈನಿನೋರು ನಿನ್ನ ಮಕಕ್ಕೆ ಉಗೀತಾರೆ. ನನ್ನ ಮಿಷಿನ್ನು, ನನ್ನ ಫ್ಲಾಪಿ. ಹಾಳಾಯ್ತು ಅಂತ ನಾನೇ ಹೇಳ್ತೀನಿ. ನೀನು ಬಾಯಿ ಮುಚ್ಕಂಡಿರು.”

ನಾನು ಮುಚ್ಚಿಕೊಂಡೆ. ಅವರು ಎರಡನೆಯ ಸಲ ಹೇಳುವ ಅಗತ್ಯವೇ ಬೀಳಲಿಲ್ಲ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ ಎಂಬುದು ನನಗೂ ಹೊಳೆದಿತ್ತು.

ವಿಚಾರಣೆಯಲ್ಲಿ ನಾನು ಕಂಪನಿಯ ಕಡತ ಹಿಡಿದುಕೊಂಡು ಅವರ ವಕೀಲರ ಹಿಂದೆ ನಿಂತಿದ್ದೆ. ಮಾವ ನೆನಪಿನಿಂದಲೇ ವರ್ಷ, ತಿಂಗಳು, ಇಂಚು, ಸೆಂಟು ಹೇಳಿದರು. ಬರವಣಿಗೆ ಎಲ್ಲಿ ಎಂದು ಅಧಿಕಾರಿ ಕೇಳಿದರು. “ಕಂಪ್ಯೂಟ್ರಲ್ಲಿತ್ತು ಸಾರ್, ಬೋರರ್ ಬಿದ್ದು ಹೋಯ್ತು,” ಎಂದರು. ವಕೀಲರು ಕಂಪ್ಯೂಟರಿಗೆ ಬೋರರ್ ಬಿದ್ದದ್ದನ್ನು ಇವತ್ತೇ ಕೇಳಿದ್ದು ಎಂದಾಗ ಇಡೀ ಹಾಲ್ ನಕ್ಕಿತು. ಅಧಿಕಾರಿ ನಕ್ಕರು. ನನ್ನ ಪಕ್ಕದ ಮ್ಯಾನೇಜರು ನನ್ನ ಕಡೆ ತಿರುಗಿ ನಕ್ಕಾಗ ನನ್ನ ತುಟಿಯೂ ಅಗಲವಾಯಿತು. ಪಕ್ಕದ ಎಸ್ಟೇಟುಗಳ ಲೆಕ್ಕ ತರಿಸಿ ಎಂದರು ಮಾವ. ಒಂದು ಗುಡ್ಡದ ಮಳೆ ಇನ್ನೊಂದಕ್ಕೆ ಸಲ್ಲುವುದಿಲ್ಲವೆಂದು ನೀವೇ ಜೀವಮಾನವಿಡೀ ಹೇಳಿಕೊಂಡು ಬಂದವರಲ್ಲವೇ ಎಂದು ವಕೀಲರು ಕೇಳಿದರು. ಅದು ನಿಜವಾಗಿತ್ತು, ಮಾವ ಕೂತುಬಿಟ್ಟರು. ಮಳೆಯಿಂದಲೇ ಗುಡ್ಡ ಜರಿಯಿತೆಂದು ತೀರ್ಮಾನವಾಯಿತು.

ಲೈನಿನ ಜನ ತಗಡಿನ ಶೆಡ್ಡುಗಳಿಗೆ ಹೋದರು. ತಿಂಗಳೊಳಗೆ ಮಾತು ಹುಟ್ಟಿತು: ಅಷ್ಟು ವರ್ಷ ಜೋಪಾನ ಮಾಡಿದ್ದು ಸರಿಯಾಗಿ ಆ ವಾರವೇ ಹೇಗೆ ಹಾಳಾಗುತ್ತದೆ? ಕಂಪನಿಯವರು ರೈಟರನ್ನು ಕೊಂಡುಕೊಂಡಿದ್ದಾರೆ, ಕಣ್ಣಿನ ಆಪರೇಷನ್ ಮಾಡಿಸಿದ್ದೂ ಅವರೇ. ಈ ಮಾತು ನನ್ನ ಮುಂದೆಯೇ ಬಂತು, ಆಫೀಸಿನಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ. ಮಾವ ಪೇಟೆಗೆ ಹೊರಟರೆ ಹಳೆಯ ಆಳುಗಳು ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದರು. ನನ್ನನ್ನು ಅವರು ಮತ್ತೆ ಆ ಕೋಣೆಗೆ ಕರೆಯಲಿಲ್ಲ. ಮನೆಗೆ ಹೋದರೆ ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟು, ಎಷ್ಟು ಬಿತ್ತು ಎಂದು ಕೇಳಿ ಕಳಿಸುತ್ತಿದ್ದರು. ಯಾರು ಅಳಿಸಿದ್ದೆಂದು ಅವರ ಬಾಯಿಂದ ಒಂದು ಸಲವೂ ಬರಲಿಲ್ಲ.

ಎರಡು ವರ್ಷ ಹಾಗೇ ಬದುಕಿ ಹೋದರು. ಎದೆನೋವು ಎಂದು ಆಸ್ಪತ್ರೆಗೆ ಸೇರಿದವರು ಮೂರನೆಯ ದಿನ ತೀರಿಕೊಂಡರು. ಮಣ್ಣಿಗೆ ಲೈನಿನಿಂದ ಒಬ್ಬರೂ ಬರಲಿಲ್ಲ.

ಈಗ ಕಂಪನಿಯವರು ನನ್ನನ್ನೂ ಕೆಲಸದಿಂದ ತೆಗೆದಿದ್ದಾರೆ. ಕಳೆದುಕೊಳ್ಳಲು ಏನೂ ಇಲ್ಲದ ಮೇಲೆ ನನಗೆ ಧೈರ್ಯ ಬಂತು, ಅದನ್ನು ಧೈರ್ಯ ಎನ್ನಬಹುದಾದರೆ. ಹೋದ ತಿಂಗಳು ಶೆಡ್ಡಿಗೆ ಹೋಗಿ, ಅಂದು ಮಾವನ ಮನೆಗೆ ಬಂದಿದ್ದ ಆ ಹಿರಿಯ ಹೆಂಗಸಿನ ಮುಂದೆ ಕೂತು ಇಷ್ಟನ್ನೂ ಹೇಳಿದೆ. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವಳು ಮೊರದಲ್ಲಿನ ಅಕ್ಕಿಯನ್ನು ಹಾಗೇ ಕೆಳಗಿಟ್ಟಳು.

“ಒಂದು ದಿನ ಬೇಸಿಗೇಲಿ ರೈಟ್ರು ಇಲ್ಲಿ ಬಾಗ್ಲಲ್ಲಿ ನಿಂತು ಕುಡಿಯಕ್ಕೆ ನೀರು ಕೇಳಿದ್ರು,” ಎಂದಳು. “ಬಿಸಿಲಿಗೆ ಕಣ್ಣು ಬಿಡಕ್ಕಾಗ್ತಿರಲಿಲ್ಲ ಅವರ್ಗೆ. ನೀರು ಇಲ್ಲ ಅಂತ ಹೇಳಿಬಿಟ್ಟೆ. ಕೊಡ ತುಂಬಾ ನೀರಿತ್ತು, ಅವರೂ ಪಾತ್ತ್ರು. ಸರಿ ಅಂತ ಹೋದ್ರು.”

ನನ್ನ ಮುಖ ನೋಡಿ ಕೇಳಿದಳು.

“ನೀನು ಹೇಳ್ಬಿಟ್ಟು ಹಗುರ ಆದೆ. ನಾನು ಅದನ್ನ ಯಾರಿಗೆ ಹೇಳ್ಲಿ?”