ಜರ್ಮನಿಯ ಎಂಪಿಗೆ ಕುಲಶೇಖರದ ಮನವಿ

"ಜರ್ಮನಿಯ ಎಂಪಿ ಬಂದಿದ್ದಾರೆ ಮಾರಾಯ! ನಿನಗೆ ಜರ್ಮನ್ ಬರ್ತದಲ್ಲ? ಕೂಡಲೇ ಹೊರಡು."

ಫೋನಿನಲ್ಲಿ ಗೆಳೆಯ ಜಯರಾಮ ಶೆಟ್ಟಿ. ಪಂಪ್‌ವೆಲ್ ಸರ್ಕಲ್ ಹತ್ತಿರ ಅವನದೊಂದು ಹೋಟೆಲ್ ಇದೆ. ಕೆಳಗೆ ಊಟ, ಮೇಲೆ ರೂಮು. ನನಗೆ ಜರ್ಮನ್ ಬರುತ್ತದೆ ಎಂಬುದು ಅವನೇ ಹಬ್ಬಿಸಿದ ಸುದ್ದಿ. ಒಂದು ಕಾಲದಲ್ಲಿ ಆರು ತಿಂಗಳು ಸಂಜೆ ಕ್ಲಾಸಿಗೆ ಹೋಗಿದ್ದೆ, ನಿಜ. ಈಗ ಉಳಿದಿರುವುದು ಮೂರು ವಾಕ್ಯ. ಅದರಲ್ಲೊಂದು, "ನನ್ನ ಚಿಕ್ಕಪ್ಪನ ಬಳಿ ಕಪ್ಪು ಕೊಡೆ ಇದೆ." ಇದನ್ನಿಟ್ಟುಕೊಂಡು ಯಾವ ದೇಶದ ಎಂಪಿಯನ್ನು ಮಾತಾಡಿಸುವುದು?

ಹೋದರೆ, ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ರೆಡಿ. ನಡುವೆ ಅರುವತ್ತು ದಾಟಿದ ಒಬ್ಬ ಹೆಂಗಸು, ಕಾಲಿಗೆ ಸವೆದ ಸ್ಯಾಂಡಲ್, ತಟ್ಟೆಯಲ್ಲಿ ನೀರುದೋಸೆ. ಹೆಸರು ಹೆಲ್ಗಾ. ಹೋಟೆಲ್ ರಿಜಿಸ್ಟರಿನಲ್ಲಿ 'ಮಾಜಿ ಸಂಸದೆ' ಎಂದು ಬರೆದದ್ದೇ ಅವರು ಮಾಡಿದ ತಪ್ಪು. ಶೆಟ್ಟಿಯ ಕಣ್ಣಿಗೆ ಮೊದಲ ಶಬ್ದ ಬೀಳಲೇ ಇಲ್ಲ.

"ನಾನೀಗ ಎಂಪಿ ಅಲ್ಲ. ಕಳೆದ ಚುನಾವಣೆಯಲ್ಲಿ ಸೋತೆ," ಎಂದರು ಹೆಲ್ಗಾ, ಒಳ್ಳೆಯ ಇಂಗ್ಲಿಷಿನಲ್ಲಿ. (ನನ್ನ ಚಿಕ್ಕಪ್ಪನ ಕೊಡೆ ಬಚಾವಾಯಿತು.)

"ಅದೆಲ್ಲ ಎಂತ ಇಲ್ಲ ಮೇಡಂ. ನಮ್ಮಲ್ಲಿ ಒಮ್ಮೆ ಎಂಪಿ ಆದವರು ಯಾವಾಗಲೂ ಎಂಪಿಯೇ," ಎಂದು ಶೆಟ್ಟಿ ಪೇಟ ತೊಡಿಸಿಯೇಬಿಟ್ಟ. ಅದು ಹುಬ್ಬಿನವರೆಗೆ ಜಾರಿತು. ಅವರು ಸರಿಪಡಿಸಿಕೊಳ್ಳದೆ ಹಾಗೇ ನಕ್ಕರು. ಆ ನಗು ನನಗೆ ಹಿಡಿಸಿತು.

ಅವರಿಗೆ ನೋಡಬೇಕಾಗಿದ್ದದ್ದು ಮೀನು. ದಕ್ಕೆಗೆ, ಅಂದರೆ ನಮ್ಮ ಮೀನುಗಾರಿಕೆ ಬಂದರಿಗೆ, ಕರೆದುಕೊಂಡು ಹೋದೆ. ಬೋಟುಗಳು ಒಂದಕ್ಕೊಂದು ಒರಗಿ ತೂಕಡಿಸುತ್ತಿದ್ದವು. ಬೆಳಗಿನ ಗಲಾಟೆ ಮುಗಿದಿತ್ತು. ನದಿ ಎಲ್ಲಿ ಮುಗಿಯಿತು, ಕಡಲು ಎಲ್ಲಿ ಶುರುವಾಯಿತು ಎಂದು ತಿಳಿಯದ ಬಿಸಿಲು. ಒಂದು ಬಲೆರಾಶಿಯ ಮೇಲೆ ಕುಳಿತು ಹೆಲ್ಗಾ ತಮ್ಮ ಕತೆ ಹೇಳತೊಡಗಿದರು. ನಾನು ಅರ್ಧ ಕೇಳುತ್ತ, ಅರ್ಧ ಕನಸು ಕಾಣುತ್ತ ಕುಳಿತೆ.

ಅವರದು ಜರ್ಮನಿಯ ಉತ್ತರ ಕರಾವಳಿಯ ಪುಟ್ಟ ಬಂದರು. ಅಪ್ಪ ಹೆರಿಂಗ್ ಹಿಡಿಯುತ್ತಿದ್ದ. (ಹೆರಿಂಗ್ ಎಂದರೆ ನಮ್ಮ ಬೂತಾಯಿಯ ದೊಡ್ಡಕ್ಕ ಎಂದುಕೊಳ್ಳಿ.) ಹುಡುಗಿ ಹೆಲ್ಗಾ ಮೀನು ಡಬ್ಬಿಗೆ ತುಂಬುವ ಫ್ಯಾಕ್ಟರಿ ಸೇರಿದಳು. ಅದು ಮುಚ್ಚಿತು. ಪೋಸ್ಟ್ ಹಂಚುವ ಕೆಲಸ ಸಿಕ್ಕಿತು. ಮನೆಮನೆಗೆ ಕಾಗದ ಕೊಡುತ್ತ ಕೊಡುತ್ತ ಊರಿನ ಕಷ್ಟವೆಲ್ಲ ಗೊತ್ತಾಯಿತು. ಜನ ಊರ ಕೌನ್ಸಿಲಿಗೆ ಕಳಿಸಿದರು. ಸಂಸತ್ತಿಗೆ ನಿಂತು ಎರಡು ಸಲ ಸೋತರು, ಮೂರನೆಯ ಸಲ ಗೆದ್ದರು. ಹನ್ನೆರಡು ವರ್ಷ ಅಲ್ಲಿನ ಹಿಂದಿನ ಸಾಲಿನಲ್ಲಿ ಕುಳಿತರು.

"ಮಂತ್ರಿ ಆಗಲಿಲ್ಲವೇ?"

"ಇಲ್ಲ. ಮಾತಾಡಲು ಸಿಕ್ಕರೆ ನಾಲ್ಕು ನಿಮಿಷ. ನಿಮಿಷ ಮುಗಿದರೆ ಎದುರಿನ ದೀಪ ಉರಿಯುತ್ತದೆ. ಆ ದೀಪ ಕಂಡಾಗಲೆಲ್ಲ ನಮ್ಮ ಬಂದರಿನ ದೀಪವೇ ನೆನಪಾಗುತ್ತಿತ್ತು."

ಹಾಗಾದರೆ ಹನ್ನೆರಡು ವರ್ಷ ಮಾಡಿದ್ದೇನು? ಕೇಳಿಯೇಬಿಟ್ಟೆ. ಊರಿಗೆ ಬಂದಾಗಲೆಲ್ಲ ಜನ ಸಾಲು ನಿಲ್ಲುತ್ತಿದ್ದರು, ಬಂದ ಪ್ರತಿಯೊಂದು ಕಾಗದಕ್ಕೂ ಉತ್ತರ ಬರೆಯುತ್ತಿದ್ದೆ, ಅಷ್ಟೇ ಎಂದರು. ಸೋತ ಮೇಲೆ ಕೊಟ್ಟ ಗಡುವಿನೊಳಗೆ ಆಫೀಸು ಖಾಲಿ ಮಾಡಬೇಕಾಯಿತು. ಒಂದು ಡಬ್ಬ ಕಾಗದಗಳಿಗೆ ಉತ್ತರಿಸಲು ಆಗಲೇ ಇಲ್ಲ. ಈಗಲೂ ಅವರಿಗೆ ಅದೇ ಕನಸು. ದೊಡ್ಡ ಸಭಾಂಗಣ, ಗಾಜಿನ ಛಾವಣಿಯಿಂದ ಬೆಳಕು, ಕುರ್ಚಿಗಳೆಲ್ಲ ಖಾಲಿ, ಬಾಗಿಲಲ್ಲಿ ಕಾಗದ ಹಿಡಿದ ಜನ. ಬರೆಯಲು ಹೋದರೆ ಕೈಯಲ್ಲಿ ಪೆನ್ನಿಲ್ಲ.

ನಮ್ಮ ಅಳಿವೆಬಾಗಿಲಿನಲ್ಲಿ ಯಾವುದೋ ದೂರದೂರಿನ ಕಾಗದಗಳು ತೇಲಿ ಬರುತ್ತಿರುವಂತೆ ಕಂಡಿತು. ಬಿಸಿಲು ತಲೆಗೇರಿದ್ದಿರಬಹುದು.

ಅವರನ್ನು ಊಟಕ್ಕೆ ಕುಲಶೇಖರದ ನನ್ನ ಮನೆಗೆ ಕರೆದೆ. ದಾರಿಯಲ್ಲಿ ಮೀನಿಗಾಗಿ ಲಲಿತಕ್ಕನ ಬಳಿ ನಿಂತೆ. ರಸ್ತೆ ಬದಿಯ ಮರದಡಿ ಒಂದು ಕಲ್ಲುಚಪ್ಪಡಿ, ಅದರ ಮೇಲೆ ಬಂಗುಡೆ. ಅವರ ಪಕ್ಕ ಇನ್ನೂ ನಾಲ್ಕು ಮಂದಿ ಹೆಂಗಸರು. ಹದಿನೆಂಟು ವರ್ಷದಿಂದ ನನಗೆ ಮೀನು ಅಲ್ಲಿಂದಲೇ.

"ಇವರು ಜರ್ಮನಿಯ ಎಂಪಿ," ಎಂದೆ. ಸುಮ್ಮನೆ, ಜಂಬಕ್ಕೆ.

ಮರುದಿನ ಬೆಳಿಗ್ಗೆ ಲಲಿತಕ್ಕ ನನ್ನ ಗೇಟಿನಲ್ಲಿ. ಕೈಯಲ್ಲಿ ಟೈಪ್ ಮಾಡಿಸಿದ ಮನವಿ! ರಸ್ತೆ ಅಗಲ ಮಾಡುತ್ತಾರೆ, ತಿಂಗಳೊಳಗೆ ಏಳಬೇಕು ಎಂದಿದ್ದಾರೆ, ಐವರು ಹೆಂಗಸರಿಗೆ ಬೇರೆ ಜಾಗವಿಲ್ಲ.

"ಲಲಿತಕ್ಕ, ಅವರು ನಮ್ಮ ಎಂಪಿ ಅಲ್ಲ. ಅವರ ಊರಿನಲ್ಲೂ ಈಗ ಎಂಪಿ ಅಲ್ಲ."

"ಇರಲಿ. ನಮ್ಮವರಿಗೆ ಕೊಟ್ಟದ್ದು ನಾಲ್ಕು ಮನವಿ ಉಂಟು. ಒಂದಕ್ಕೂ ಎಂತ ಆಯ್ತು ಅಂತ ಹೇಳಿದವರಿಲ್ಲ. ಇವರು ಒಮ್ಮೆ ಓದಲಿ. ಓದಿದ್ರೆ ಎಂತ ಹೋಗ್ತದೆ?"

ಏನೂ ಹೋಗುವುದಿಲ್ಲ. ಹೆಲ್ಗಾ ಅವರನ್ನು ಮತ್ತೆ ಮರದಡಿಗೆ ಕರೆತಂದು ಓದಿ ಅನುವಾದಿಸಿದೆ. ಟೈಪ್ ಮಾಡಿದವನು ತನ್ನ ಕಂಪ್ಯೂಟರಿನಲ್ಲಿದ್ದ ಹಳೆಯ ನಮೂನೆಯನ್ನೇ ಎತ್ತಿಕೊಂಡಿದ್ದ. "ಮಾನ್ಯ ಸಂಸದರು, ಜರ್ಮನಿ. ತಮ್ಮ ಕ್ಷೇತ್ರದ ಮತದಾರರಾದ ನಾವು..." ನಾನು ನಾಚಿಕೊಂಡೆ. ಹೆಲ್ಗಾ ನಗಲಿಲ್ಲ. "ನನಗೆ ಇನ್ನೂ ಮತದಾರರಿದ್ದಾರೆ," ಎಂದರು, ತಮಗೆ ತಾವೇ ಹೇಳಿಕೊಂಡ ಹಾಗೆ.

ಆಮೇಲೆ ಮೀನಿನ ಕ್ರೇಟು ಕವುಚಿ ಕುಳಿತು ಕೇಳತೊಡಗಿದರು. ಮಧ್ಯಾಹ್ನ ಬಿಸಿಲು ಯಾವ ಕಡೆಯಿಂದ? ಮೀನು ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಬಸ್ ಎಲ್ಲಿ ನಿಲ್ಲುತ್ತದೆ? ಮೂತ್ರಕ್ಕೆ ಎಲ್ಲಿಗೆ ಹೋಗುತ್ತೀರಿ?

"ಎದುರಿನ ಮನೆಯವರು ಒಳ್ಳೆಯವರು, ಬಿಡ್ತಾರೆ. ಅವರು ಊರಲ್ಲಿ ಇಲ್ಲದ ದಿನ ನೀರು ಕುಡೀಲಿಕ್ಕೆ ಇಲ್ಲ," ಎಂದರು ಲಲಿತಕ್ಕ.

ಹದಿನೆಂಟು ವರ್ಷ. ನಾನು ಕೇಳಿದ್ದು ಒಂದೇ ಪ್ರಶ್ನೆ, "ಇವತ್ತು ಫ್ರೆಶ್ ಎಂತ ಉಂಟು?"

ಹೆಲ್ಗಾ ಊರಿಗೆ ಮರಳಿದ ಮೂರನೇ ವಾರ ನನ್ನ ವಿಳಾಸಕ್ಕೆ ಲಕೋಟೆ ಬಂತು. ಲಲಿತಕ್ಕನಿಗೆ ಉತ್ತರ. ಕೈಬರಹ. "ನಿಮ್ಮ ಊರಿನಲ್ಲಿ ನನಗೆ ಅಧಿಕಾರವಿಲ್ಲ, ನನ್ನ ಊರಿನಲ್ಲೂ ಇಲ್ಲ. ಆದರೆ ನಿಮ್ಮ ಕಾಗದ ಓದಿದ್ದೇನೆ. ನೀವು ಹೇಳಿದ್ದನ್ನು ಚಿತ್ರ ಬರೆದಿದ್ದೇನೆ." ಜೊತೆಗೊಂದು ನಕ್ಷೆ. ಮರ, ಕಲ್ಲು, ಚರಂಡಿ, ಬಸ್‌ಸ್ಟಾಪು, ಐದು ಹೆಸರು. ಕೊನೆಗೆ, ಆ ಕನಸು ಈಚೆಗೆ ಬಿದ್ದಿಲ್ಲ ಎಂದು ನನಗೊಂದು ಸಾಲು. ಲಲಿತಕ್ಕ ಕಾಗದ, ನಕ್ಷೆ ಎರಡನ್ನೂ ಲ್ಯಾಮಿನೇಶನ್ ಮಾಡಿಸಿದರು. (ಮಾಡಿಸದೆ ಇರುತ್ತಾರೆಯೇ?)

ಮೊನ್ನೆ ರಸ್ತೆ ಕೆಲಸದ ಇಂಜಿನಿಯರ್ ಟೇಪು ಹಿಡಿದು ಬಂದರು. ನಾನು ಅಲ್ಲೇ ಇದ್ದೆ, ಬಂಗುಡೆಗೆ. ಲಲಿತಕ್ಕ ನಕ್ಷೆ ಮುಂದೆ ಹಿಡಿದರು. ಇಂಜಿನಿಯರ್ ಮೊದಲು ನಕ್ಕರು, ಆಮೇಲೆ ನೋಡಿದರು, ಆಮೇಲೆ ಅಳೆದರು.

"ಚರಂಡಿ ಸ್ವಲ್ಪ ಆಚೆ ತಿರುಗಿಸಿದ್ರೆ ಈ ಜಾಗ ಉಳೀಬಹುದು. ಮೇಲಿನವರಿಗೆ ಬರೆದು ನೋಡ್ತೇನೆ. ಖಂಡಿತ ಅಂತ ಹೇಳ್ಲಿಕ್ಕಾಗುದಿಲ್ಲ. ಇದು ಯಾರು ಮಾಡಿದ್ದು?"

"ನಮ್ಮ ಎಂಪಿ."

ನಾನು ತಿದ್ದಲಿಲ್ಲ. ಇಂಜಿನಿಯರ್ ನನ್ನ ಕಡೆ ತಿರುಗಿದರು. "ಇವರು?"

"ಇವರು ಪೇಪರಿನಲ್ಲಿ ಬರೀತಾರೆ. ವಾರ ವಾರ," ಎಂದರು ಲಲಿತಕ್ಕ, ಅಭಿಮಾನದಿಂದ.

"ಹೌದಾ? ಈ ವಿಷಯ ಬರೆದದ್ದು ಎಲ್ಲಿಯೂ ಕಾಣ್ಲಿಲ್ಲ ನಾನು."

ಬರೆದಿದ್ದರಲ್ಲವೇ ಕಾಣುವುದು?