‘ತೆಗೆಯಿರಿ’ ಎಂದು ಬರೆದ ಮೇಲೆ

ಬರೆದದ್ದನ್ನು ಯಾರೂ ಓದುವುದಿಲ್ಲ ಎಂಬ ಕೊರಗು ಬಹುತೇಕ ಲೇಖಕರಿಗೆ ಇರುತ್ತದೆ. ನನ್ನ ಕಾಯಿಲೆ ಬೇರೆ. ಯಾರಾದರೂ ಓದಿ, ಅದರಂತೆಯೇ ಮಾಡಿಬಿಟ್ಟರೆ ಏನು ಗತಿ ಎಂಬುದು ನನ್ನ ಭಯ.

ಕಥೆ ಬರೆಯುವವರಿಗೆ ಈ ಕಷ್ಟವಿಲ್ಲ. ನಾನು ಬರೆಯುತ್ತಿದ್ದದ್ದು ಕಂಪ್ಯೂಟರಿನ ಸಹಾಯಪುಟಗಳನ್ನು. ಎರಡು ಸಾವಿರದ ದಶಕದ ನಡುವಿನಲ್ಲಿ, ತಿ. ನರಸೀಪುರದಲ್ಲಿ ಇತಿಹಾಸದ ಪಾಠ ಹೇಳಿಕೊಂಡಿದ್ದ ನನಗೆ ಲಿನಕ್ಸ್ ಹುಚ್ಚು ಹಿಡಿಯಿತು. ಯಾರು ಬೇಕಾದರೂ ಹಂಚಿಕೊಳ್ಳಬಹುದಾದ, ತಿದ್ದಬಹುದಾದ ವ್ಯವಸ್ಥೆ ಅದು. ಅದರ ಒಂದೊಂದು ಸೌಲಭ್ಯವೂ ಪ್ಯಾಕೇಜ್ ಎಂಬ ಗಂಟಾಗಿ ಬರುತ್ತದೆ: ಕನ್ನಡ ಅಕ್ಷರಗಳದ್ದೊಂದು ಗಂಟು, ಕೀಲಿಮಣೆಯದ್ದೊಂದು ಗಂಟು. ಗಂಟು ಕಟ್ಟುವವರು ಜಗತ್ತಿನ ತುಂಬ ಇದ್ದರು. ಅದನ್ನು ಬಳಸುವುದು ಹೇಗೆಂದು ತಿಳಿಯುವಂತೆ ಬರೆಯುವವರು ಇರಲಿಲ್ಲ. ಕನ್ನಡದ ಪುಟದಲ್ಲಿ ಯಾರೋ ಪುಣ್ಯಾತ್ಮರು ‘ಅಕ್ಷರಗಳ ಪ್ಯಾಕೇಜನ್ನು ಅನಾವರಣಗೊಳಿಸಿ’ ಎಂದು ಬರೆದಿದ್ದರು, ವೃತ್ತದಲ್ಲಿ ಪ್ರತಿಮೆ ನಿಲ್ಲಿಸಿದ ಹಾಗೆ. ಆ ಪುಟವನ್ನೂ ಯಾರು ಬೇಕಾದರೂ ತಿದ್ದಬಹುದಿತ್ತು. ಬನ್ನೂರು, ಹುಲ್ಲಹಳ್ಳಿಯವರಿಗೂ ಅರ್ಥವಾಗಲಿ ಎಂದು ನಾನು ‘ತೆಗೆಯಿರಿ’ ಎಂದು ತಿದ್ದಿ, ದಿನವಿಡೀ ಹೆಮ್ಮೆಪಟ್ಟೆ.

ಆ ಪುಟವನ್ನು ನಂಬಿದವಳು ಮಂಜುಳಾ. ನನ್ನ ಹಳೆಯ ವಿದ್ಯಾರ್ಥಿನಿ. ನಂಜನಗೂಡಿನ ಬಸ್ ನಿಲ್ದಾಣದ ಹತ್ತಿರ ಟೈಪಿಂಗ್ ಅಂಗಡಿ ಇಟ್ಟಿದ್ದಳು. ಅವಳ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿದವನೂ ನಾನೇ. ಒಂದು ದಿನ ಅವಳಿಂದ ಮಿಂಚಂಚೆ ಬಂತು. ಕನ್ನಡ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ: ‘ತೆಗೆದೆ ಸಾರ್. ಮುಂದೆ?’

ಮೊದಲು ಸಂತೋಷವಾಯಿತು. ಆಮೇಲೆ ಅನುಮಾನ ಬಂತು. ತೆಗೆದೆ ಎಂದರೆ ಏನು ಮಾಡಿದಳು?

ಈ ಕ್ರಿಯಾಪದದ ಬಗ್ಗೆ ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ. ಬಾಗಿಲು ತೆಗೆ ಎಂದರೆ ಬಾಗಿಲು ಅಲ್ಲೇ ಇರುತ್ತದೆ. ಕಸ ತೆಗೆ ಎಂದರೆ ಕಸ ಅಲ್ಲಿರುವುದಿಲ್ಲ. ಮಂಜುಳಾ ಅಂಗಡಿ ತೆಗೆದಳು ಎಂದರೆ ಅವಳ ಮನೆಯವರು ಸಿಹಿ ಹಂಚುತ್ತಾರೆ. ಪುರಸಭೆಯವರು ಅಂಗಡಿ ತೆಗೆಸಿದರು ಎಂದರೆ ಅದೇ ಮನೆಯವರು ಅಳುತ್ತಾರೆ. ಅಕ್ಷರಗಳ ಪ್ಯಾಕೇಜನ್ನು ಮಂಜುಳಾ ಬಾಗಿಲಿನಂತೆ ತೆಗೆದಳೋ, ಕಸದಂತೋ? ಒಂದು ಶಾಲೆಯ ಪರೀಕ್ಷೆಯ ಪ್ರಶ್ನೆಪತ್ರಿಕೆ ಅವಳ ಕಂಪ್ಯೂಟರಿನಲ್ಲೇ ಇತ್ತು, ಮರುದಿನವೇ ಪರೀಕ್ಷೆ. ಕೆಲಸ ಕೆಟ್ಟರೆ ಆ ಶಾಲೆಯವರು ಅವಳ ಮೆಟ್ಟಿಲು ಮತ್ತೆ ಹತ್ತುವುದಿಲ್ಲ. ಅಂಗಡಿ ನಡೆಯುತ್ತಿದ್ದದ್ದೇ ಅಂಥ ನಾಲ್ಕಾರು ಶಾಲೆಗಳಿಂದ.

ಕೂಡಲೇ ಉತ್ತರ ಬರೆದೆ, ಒಳ್ಳೆಯ ಕನ್ನಡದಲ್ಲಿ, ವಿವರವಾಗಿ. ಮಾರುತ್ತರವಿಲ್ಲ. ಫೋನ್ ಮಾಡಿದರೆ ಸದಾ ಎಂಗೇಜು. ಆಗೆಲ್ಲ ಇಂಟರ್ನೆಟ್ಟಿಗೂ ಅದೇ ತಂತಿ. ಅವಳು ನನ್ನ ಪುಟ ನೋಡುತ್ತಿರುವಷ್ಟು ಹೊತ್ತು ನಾನು ಅವಳನ್ನು ಎಚ್ಚರಿಸುವಂತಿರಲಿಲ್ಲ. ಲಿನಕ್ಸ್ ಸೀಡಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಹದಿನಾರು ಎಂಬ ಊರಿನ ಮೇಲೆ ಬಳಸಿ ಹೋಗುವ ಬಸ್ಸು. ಕಂಡಕ್ಟರಿಗೆ ದಪ್ಪ ಮೀಸೆ ಇತ್ತು ಎಂದು ಬರೆಯಲು ಕೈ ಹೋಗುತ್ತಿದೆ. ಇರಲಿಲ್ಲವೇನೋ. ಆತಂಕದಲ್ಲಿದ್ದವನಿಗೆ ಎದುರಿನವರೆಲ್ಲ ಮೀಸೆಯವರಾಗಿಯೇ ನೆನಪಿರುತ್ತಾರೆ. ಆ ದಿನದ ನನ್ನ ದಿನಚರಿಯಲ್ಲಿ ಮೀಸೆಯ ಸುದ್ದಿಯಿಲ್ಲ, ಅವನ ಮಾತು ಮಾತ್ರ ಇದೆ.

“ಸಾ, ಬ್ಯಾಗ್ ತೆಗೀರಿ,” ಎಂದ.

ನಾನು ಜಿಪ್ ಎಳೆದು ಚೀಲ ಅಗಲಿಸಿದೆ.

“ಒಳಗೇನದೆ ಅಂತ ಯಾರ್ ಕೇಳುದ್ರು? ಈಯಮ್ಮ ಕೂತ್ಕಬೇಕು ಕಣ್ರೀ, ಸೀಟಿಂದ ಎತ್ಕೊಳಿ.”

ಆ ಹೆಂಗಸು ಕೂರುತ್ತ ನನ್ನ ಚೀಲದೊಳಗೆ ಒಮ್ಮೆ ಇಣುಕಿದಳು. ನನ್ನ ಕೊನೆಯ ಧೈರ್ಯವೂ ಉಡುಗಿತು. ಬರೆದವನೇ ಹೀಗಾದರೆ ಓದಿದವರ ಗತಿ?

ಮಂಜುಳಾಳ ಅಂಗಡಿಯಲ್ಲಿ ಪ್ರಶ್ನೆಪತ್ರಿಕೆಗೆ ಬಂದಿದ್ದ ಹೆಡ್‌ಮಾಸ್ತರು ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತ ಕೂತಿದ್ದರು. ಪರದೆಯ ತುಂಬ ಖಾಲಿ ಚೌಕಗಳು, ಡಬ್ಬಿಗಳ ಹಾಗೆ. ಒಂದು ಕನ್ನಡ ಅಕ್ಷರವೂ ಇಲ್ಲ.

“ತೆಗೀರಿ ಅಂತ ಬರ್ದಿದ್ರಿ, ತೆಗ್ದು ಆಚೆಗಾಕ್ದೆ ಸಾ,” ಎಂದಳು ಮಂಜುಳಾ. “ಆಮ್ಯಾಕೆ ನಿಮ್ ಪುಟಾನೂ ಡಬ್ಬಿ ಆಗೋಯ್ತು. ಅದ್ಕೇ ಮುಂದೇನು ಅಂತ ಕೇಳ್ದೆ. ನೀವು ಉದ್ದಕ್ಕೆ ಡಬ್ಬಿ ಬರ್ದು ಕಳ್ಸುದ್ರಿ.”

“ಪ್ರಶ್ನೆ ಇಂಗಿದ್ರೆ ಒಳ್ಳೇದೇ ಬುಡವ್ವ,” ಎಂದರು ಹೆಡ್‌ಮಾಸ್ತರು. “ಐಕ್ಳೂವೆ ಉತ್ತರಕ್ಕೆ ಡಬ್ಬಿ ಬರ್ದ್‌ಬುಟ್ಟು ಎದ್ದು ಬತ್ತವೆ. ನಂಗೂ ತಿದ್ದೋದು ತಪ್ತದೆ.” ನಗಲಿಲ್ಲ. ಗಡಿಯಾರ ನೋಡಿದರು. “ಇಲ್ಲಾಂದ್ರೆ ಮೈಸೂರಿಗೇ ಓಗಿ ಮಾಡಿಸ್ತೀನಿ, ಏಳ್ಬುಡಿ.”

ಮಂಜುಳಾ ನನ್ನ ಮುಖ ನೋಡಿದಳು. ಪತ್ರಿಕೆ ಎಲ್ಲಿಗೂ ಹೋಗಿಲ್ಲ, ಅದನ್ನು ತೋರಿಸುವ ಅಕ್ಷರಗಳಷ್ಟೇ ಹೋಗಿವೆ ಎಂದು ಹೇಳಿದೆ. ನನಗೇ ಪೂರ್ತಿ ನಂಬಿಕೆ ಇರಲಿಲ್ಲ. ಸೀಡಿ ಗೊರಗುಟ್ಟಿತು. ಪ್ಯಾಕೇಜು ಮರಳಿ ಕೂತಿತು. ಪರದೆ ಒಮ್ಮೆ ಕಪ್ಪಾಗಿ, ‘ಬಿಟ್ಟ ಸ್ಥಳ ತುಂಬಿರಿ’ ಎಂಬ ಸಾಲು ಮೂಡಿತು. ಜೀವನದಲ್ಲಿ ಯಾವ ಪ್ರಶ್ನೆಪತ್ರಿಕೆಯನ್ನೂ ನಾನು ಅಷ್ಟು ಪ್ರೀತಿಯಿಂದ ನೋಡಿದ್ದಿಲ್ಲ.

ಪ್ರಿಂಟರ್ ಓಡುತ್ತಿರುವಾಗಲೇ ಸಹಾಯಪುಟ ತಿದ್ದಲು ಕೂತೆವು. ‘ತೆರೆಯಿರಿ’ ಎಂದು ಬರೆಯಲೇ ಎಂದೆ.

“ಅದು ನಾಟಕದ ಪರದೆಗೆ ಸಾ,” ಎಂದಳು ಮಂಜುಳಾ. “ ಓಪನ್ ಮಾಡಿ ಅನ್ನಿ, ಯಾರೂ ಕಿತ್ತಾಕಲ್ಲ.”

ನುಂಗಿಕೊಂಡು ಹಾಗೆಯೇ ಬರೆದೆ. ಸಹಾಯಪುಟ ಎಂದರೆ ಏನು ಮಾಡಬೇಕೆಂದು ಹೇಳಿದರೆ ಸಾಲದು, ಕೆಟ್ಟರೆ ಏನು ಮಾಡಬೇಕೆಂದೂ ಹೇಳಬೇಕು ಎಂಬ ಜ್ಞಾನೋದಯವಾಗಿ, ಒಂದು ಸಾಲು ಸೇರಿಸಿದೆ: ‘ಅಕ್ಷರಗಳು ಡಬ್ಬಿಗಳಾಗಿ ಕಂಡರೆ ಗಾಬರಿಯಾಗಬೇಡಿ. ಸೀಡಿಯಿಂದ ಪ್ಯಾಕೇಜನ್ನು ಮತ್ತೆ ಹಾಕಿಕೊಳ್ಳಿ.’

ಹೆಡ್‌ಮಾಸ್ತರು ಕನ್ನಡಕ ಏರಿಸಿ ಓದಿದರು. “ಡಬ್ಬಿ ಆದೋರಿಗೆ ಈ ಸಾಲೂ ಡಬ್ಬಿನೇ ಅಲ್ವಾ ಸಾ?”

ಮಂಜುಳಾ ಬಾಯಿಗೆ ಸೆರಗು ಹಿಡಿದಳು. ಆ ಒಂದು ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಆಡುಗನ್ನಡದಲ್ಲಿ, ಅವಳೇ ಟೈಪು ಮಾಡಿದಳು.

ಇಂಟರ್ನೆಟ್ಟಿಗೆ ಕೂತಾಗಲೆಲ್ಲ ನಾನು ಮೊದಲು ಆ ಸಾಲು ನೆಟ್ಟಗಿದೆಯೇ ಎಂದು ನೋಡುತ್ತೇನೆ. ಆಗಾಗ ಯಾರೋ ಒಬ್ಬ ಕನ್ನಡಾಭಿಮಾನಿ ಅದನ್ನು ಕನ್ನಡ ಲಿಪಿಗೆ ತಿದ್ದಿರುತ್ತಾನೆ. ನಾನು ಮತ್ತೆ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸುತ್ತೇನೆ. ಅವನು ನನ್ನನ್ನು ಭಾಷಾದ್ರೋಹಿ ಎಂದು ಕನ್ನಡದಲ್ಲಿ ಬೈಯುತ್ತಾನೆ. ಅದನ್ನು ಓದುತ್ತ ನನಗೆ ಒಂದು ಸಮಾಧಾನ: ಸದ್ಯ, ಈ ಮಹರಾಯನ ಅಕ್ಷರಗಳೆಲ್ಲ ಜಾಗದಲ್ಲಿವೆ.