ಕಳೆದುಹೋದ ‘ಗಿ’

ಕಳೆದ ವಾರ ಫೋನಿನಲ್ಲಿ ನನ್ನದೊಂದು ‘ಗಿ’ ಕಳೆದುಹೋಯಿತು.

ನಗಬೇಡಿ. ಒಂದೇ ಅಕ್ಷರ, ಹೋದರೆ ಹೋಯಿತು ಅಂತ ನಾನೂ ಮೊದಲು ಸುಮ್ಮನಿದ್ದೆ. ಆಮೇಲೆ ನೋಡಿದರೆ ಅದರ ಬೆನ್ನಿಗೇ ನನ್ನ ಇಷ್ಟು ವರ್ಷದ ಗುರುಭಕ್ತಿಯೂ ಹೊರಟು ನಿಂತಿತ್ತು.

ಇನಾಮದಾರ ಸರ್ ಕಾಲೇಜಿನಲ್ಲಿ ನಮಗೆ ರಾಜ್ಯಶಾಸ್ತ್ರ ಕಲಿಸಿದವರು. ಬೆಳಗಾವಿಯ ಪೇಪರೊಂದರಲ್ಲಿ ವಾರಕ್ಕೊಮ್ಮೆ ಬರೆಯುತ್ತಿದ್ದರು. ಒಂದು ವಾರ ಗಟಾರ, ಒಂದು ವಾರ ಎಲೆಕ್ಷನ್, ಮತ್ತೊಂದು ವಾರ ಕಾಕತಿ ಗುಡ್ಡದ ಮೇಲೆ ಮೋಡ ಇಳಿಯುವ ಚಂದ. (ಮೋಡಕ್ಕೂ ರಾಜ್ಯಶಾಸ್ತ್ರಕ್ಕೂ ಏನು ಸಂಬಂಧ ಅಂತ ಆಗ ಯಾರೂ ಕೇಳುತ್ತಿರಲಿಲ್ಲ.)

ನಮ್ಮಪ್ಪ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸಕ್ಕಿದ್ದರು. ಮೊದಲ ಶಿಫ್ಟಿಗೆ ಬಸ್ಸಿರಲಿಲ್ಲ, ನಡೆದೇ ಹೋಗಬೇಕು. ಇದು ಗೊತ್ತಾಗಿ ಸರ್ ಒಂದು ಮುಂಜಾನೆ ಅಪ್ಪನ ಜೊತೆ ಫೌಂಡ್ರಿಯ ಗೇಟಿನ ತನಕ ನಡೆದರು. ಆಮೇಲೆ ಬರೆದರು. ಸ್ವಲ್ಪ ದಿನಕ್ಕೆ ಬಸ್ಸು ಬಂತು. ಅಪ್ಪ ಅದಕ್ಕೆ ‘ಸರ್ ಬಸ್’ ಅಂತಲೇ ಹೆಸರಿಟ್ಟರು. ಬರೆದರೆ ಬಸ್ಸು ಬರುತ್ತದೆ! ನಾನು ಪೆನ್ನು ಹಿಡಿದದ್ದು ಆ ನಂಬಿಕೆಯ ಮೇಲೆ.

ಈಗ ಸರ್ ರಿಟೈರ್ ಆಗಿದ್ದಾರೆ. ಸ್ವಂತ ಯೂಟ್ಯೂಬ್ ಚಾನೆಲ್ ಇದೆ. ವಿಷಯ ಒಂದೇ, ಗಡಿ. ರಸ್ತೆ ಕೆಟ್ಟರೆ ಗಡಿಯಿಂದ, ಈರುಳ್ಳಿ ತುಟ್ಟಿಯಾದರೆ ಗಡಿಯಿಂದ. ಸಾಂಬ್ರಾದಿಂದ ವಿಮಾನ ತಡವಾಗಿ ಹಾರಿದರೂ ಅದರ ರೆಕ್ಕೆಗೆ ಗಡಿ ತಾಗಿರುತ್ತದೆ. ಗಡಿ ವಿಷಯವೇ ಅಲ್ಲ ಅಂತ ನಾನು ಹೇಳುತ್ತಿಲ್ಲ. ಗಲಾಟೆಯಾದಾಗ ಬಸ್ಸು ನಿಂತು ಪರದಾಡುವವರು ನಾವೇ ತಾನೆ? ಆದರೆ ಊಟಕ್ಕೆ ಕೂತರೆ ಎಲೆಯ ತುಂಬ ಉಪ್ಪಿನಕಾಯಿಯನ್ನೇ ಬಡಿಸಿದರೆ ಹೇಗೆ?

ಆದರೂ ಸರ್ ಎಂದರೆ ಸರ್. ಖಾನಾಪುರದ ಸುಮಿತ್ರಾಬಾಯಿಗೆ ಕಷ್ಟ ಬಂದಾಗ ನನಗೆ ನೆನಪಾದದ್ದು ಅವರೇ.

ಸುಮಿತ್ರಾಬಾಯಿ ಕುಂಬಾರರು. ಪ್ರತಿ ಬೇಸಿಗೆಗೆ ನಮ್ಮ ಮನೆಗೆ ನೀರಿನ ಗಡಿಗೆ ಅವರದೇ. ಬೆಳಗಾವಿ, ಖಾನಾಪುರದ ಬಾಯಲ್ಲಿ ಅದು ‘ಗಡಿಗಿ’. ಅವರು ಮಣ್ಣು ತರುವ ಕೆರೆಯ ಸುತ್ತ ಯಾರೋ ತಂತಿ ಬೇಲಿ ಹಾಕಿಬಿಟ್ಟಿದ್ದಾರೆ. ಯಾರು, ಯಾಕೆ, ಹೇಳುವವರಿಲ್ಲ. ಮಳೆ ಬಂದು ಕೆರೆ ತುಂಬುವ ಮೊದಲು ಮಣ್ಣು ತೆಗೆಯದಿದ್ದರೆ ಅವರ ತಿಗರಿಯ ಚಕ್ರ ವರ್ಷವಿಡೀ ತಿರುಗುವುದಿಲ್ಲ.

ಸರ್‌ಗೆ ಫೋನ್ ಮಾಡಿದೆ. “ಸರ್, ಖಾನಾಪುರದ ಗಡಿಗಿ ವಿಷಯ ಐತ್ರಿ.”

“ಖಾನಾಪುರದ ಗಡಿ ವಿಷಯ? ನಾಳೇನ ಹೋಗೂಣು.”

ನೋಡಿ, ‘ಗಿ’ ಬಿದ್ದುಹೋದದ್ದು ಅಲ್ಲೇ. ನೆಟ್‌ವರ್ಕಿನ ದೋಷ ಅಂದುಕೊಂಡೆ. ಅವರು ಇಷ್ಟು ಬೇಗ ಹೊರಟರಲ್ಲ ಅನ್ನುವ ಖುಷಿಯಲ್ಲಿ ತಿದ್ದಲೂ ಇಲ್ಲ.

ಮರುದಿನ ಬೆಳಗ್ಗೆ ಖಾನಾಪುರದ ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ಹೊರಗೆ ಇನ್ನೂ ಮಂಜು. ಉದ್ಯಮಬಾಗ ಬಂದಾಗ ಫೌಂಡ್ರಿಯ ಸುಟ್ಟ ಮರಳಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಅಪ್ಪನ ಅಂಗಿಯದೇ ವಾಸನೆ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು, ಅದು ಮಾತ್ರ ಇಲ್ಲೇ ಇದೆ. ಕಣ್ಣು ತಾನಾಗಿ ಮುಚ್ಚಿತು. ಅಪ್ಪ, ಸರ್ ಇಬ್ಬರೂ ಮಂಜಿನೊಳಗೆ ಮುಂದೆ ಮುಂದೆ ನಡೆಯುತ್ತಿದ್ದರು. ಸರ್ ಏನೋ ಕೇಳುತ್ತಿದ್ದರು, ಅಪ್ಪ ನಗುತ್ತ ಉತ್ತರ ಕೊಡುತ್ತಿದ್ದರು. ಮಾತು ಕೇಳಿಸುತ್ತಿರಲಿಲ್ಲ, ನಗು ಕಾಣುತ್ತಿತ್ತು. ಹಿಂದೆ ನಾನು, ಕಾಲು ನೆಲಕ್ಕೆ ತಾಗುತ್ತಲೇ ಇಲ್ಲ.

“ಹನ್ನೊಂದು,” ಅಂದರು ಸರ್.

ಎಚ್ಚರವಾಯಿತು. ಅವರು ಅಂಗಡಿಗಳ ಬೋರ್ಡ್ ಎಣಿಸುತ್ತಿದ್ದರು, ಯಾವುದು ಯಾವ ಭಾಷೆಯಲ್ಲಿದೆ ಅಂತ. ಆಚೆ ಗದ್ದೆಯ ಮೇಲಿಂದ ಮಂಜು ಏಳುತ್ತಿತ್ತು, ಬಿಳಿ ಹಕ್ಕಿಗಳು ಸಾಲಾಗಿ ಕೂತಿದ್ದವು. ತೋರಿಸಿದೆ. ಹ್ಞೂಂ ಅಂದರು. ಆಮೇಲೆ ಹನ್ನೆರಡು ಅಂದರು.

ಸುಮಿತ್ರಾಬಾಯಿ ಅಂಗಳದಲ್ಲಿ ಚಾಪೆ ಹಾಸಿ ಕೂರಿಸಿದರು. ನನ್ನ ಜೊತೆ ಕನ್ನಡ, ಒಳಗಿದ್ದ ಸೊಸೆಯ ಜೊತೆ ಮರಾಠಿ, ಮೂಲೆಯಲ್ಲಿ ನಿಂತ ತಿಗರಿಯ ಜೊತೆ ಮೌನ. ಸರ್ ಸ್ಟ್ಯಾಂಡಿಗೆ ಫೋನ್ ಸಿಕ್ಕಿಸಿ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಅಂತ ಕೇಳಿದರು. ಮನೆಗೆ ಯಾರು ಬಂದಿದ್ದಾರೆ ಅನ್ನುವುದನ್ನು ನೋಡಿಕೊಂಡು ಅಂದರು ಆಕೆ. ಸರ್‌ಗೆ ಈ ಉತ್ತರ ಹಿಡಿಸಲಿಲ್ಲ. ಒಂದು ಹೆಂಟೆ ಎತ್ತಿ ಹಿಡಿದು, ಈ ಮಣ್ಣು ಯಾವ ರಾಜ್ಯದ್ದು ಅಂತ ಕೇಳಿದರು.

ಪಾಪ, ಆಕೆ ಕೆರೆಯ ಕಡೆ ಕೈ ತೋರಿಸಿದರು. “ಅಲ್ಲಿ ತಂತಿ ಬಿಗದಾರ್ರಿ, ಸರ್. ಮಣ್ಣಿಲ್ಲದ ಗಡಿಗಿ ಹೆಂಗ ಮಾಡೂದ್ರಿ?”

ಗಡಿಗಿ. ಮೂರೂ ಅಕ್ಷರ ಸ್ಪಷ್ಟ. ಈಗ ನೆಟ್‌ವರ್ಕನ್ನು ಬೈಯುವ ಹಾಗಿರಲಿಲ್ಲ.

ಸರ್ ಎದ್ದು ಕೆರೆಯ ದಂಡೆಗೆ ಹೋದರು. ಬೇಲಿಗೆ ಬೆನ್ನು ಹಾಕಿ ನಿಂತು, ಕ್ಯಾಮೆರಾ ತಮ್ಮ ಕಡೆ ತಿರುಗಿಸಿಕೊಂಡು ಅರ್ಧ ತಾಸು ಮಾತಾಡಿದರು. ಕರಾರು, ಆಯೋಗ, ನಕಾಶೆ, ಗಡಿ, ಗಡಿ, ಗಡಿ. ಬೇಲಿ ಅವರ ಭುಜದ ಹಿಂದೆ ಮಸುಕಾಗಿ ನಿಂತಿತ್ತು. ತಿರುಗಿ ನೋಡಿದ್ದರೆ ಮೂಗಿಗೇ ತಾಗುತ್ತಿತ್ತು.

ಧೈರ್ಯ ಮಾಡಿದೆ. “ಸರ್, ನಾ ಹೇಳಿದ್ದು ಗಡಿಗಿ ವಿಷಯರಿ.”

ತಪ್ಪು ಉತ್ತರ ಬರೆದ ಹುಡುಗಿಯನ್ನು ನೋಡುವಂತೆ ನೋಡಿದರು. ಸಿಟ್ಟಿರಲಿಲ್ಲ. ಅದೇ ಹಳೆಯ ಪ್ರೀತಿ, ಅದೇ ಮೆಲು ದನಿ. “ಗಡಿ ಉಳಿದ್ರ ಗಡಿಗಿ ಉಳೀತಾವ, ತಂಗಿ.”

ಎಂಥ ಮಾತು ನೋಡಿ! ಕ್ಲಾಸಿನಲ್ಲಾಗಿದ್ದರೆ ಬರೆದುಕೊಳ್ಳುತ್ತಿದ್ದೆ. ಕೆರೆಯ ದಂಡೆಯ ಮೇಲೆ ಮಾತ್ರ ಅಳು ಬಂತು. ಅಪ್ಪನ ಜೊತೆ ನಡೆದ ಮನುಷ್ಯ ಇವರೇನಾ? ಇವರೇ. ಬೇರೆ ಯಾರೋ ಆಗಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಹೊರಡುವಾಗ ಸುಮಿತ್ರಾಬಾಯಿ ನನ್ನನ್ನು ಬಾಜೂಕ್ಕೆ ಕರೆದರು. “ಅಕ್ಕಾರ, ಮಣ್ಣು ಯಾವ ರಾಜ್ಯದ್ದಂತ ಕೇಳಿದ್ರು, ಖರೇ. ಯಾವ ಕೆರೀದಂತ ಯಾಕ ಕೇಳಲಿಲ್ಲ?”

ಬರುವಾಗ ಬಸ್ಸಿನಲ್ಲಿ ಸರ್ ನಿದ್ದೆ ಹೋದರು, ತಲೆ ನನ್ನ ಭುಜಕ್ಕೆ ವಾಲಿತು. ಸರಿಸಲಿಲ್ಲ. ಈ ವಾರ ನಾನೇ ಬರೆದುಬಿಡೋಣ, ಬರೆದರೆ ಬಸ್ಸು ಬಂದ ಹಾಗೆ ಬೇಲಿಯೂ ಹೋದೀತು ಅಂತ ನಿರ್ಧಾರ ಮಾಡಿದೆ.

ಇದೀಗ ಬರೆಯಲು ಕೂತಿದ್ದೇನೆ. ಸರ್ ಬಗ್ಗೆ ಇಷ್ಟುದ್ದ ಬರೆದಾಯಿತು. ಇನ್ನು ಕೆರೆಯ ಹೆಸರು ಹಾಕಬೇಕು ಅಂತ ಪೆನ್ನು ಎತ್ತಿದರೆ, ಅಯ್ಯೋ, ಅದನ್ನು ನಾನಾದರೂ ಕೇಳಿದ್ದೆನಾ?